ಚುಕ್ಕಾಣಿಗೆ ಹೊದಿಸಿದ ಹಂಡೆ

೧೨ ಸೆಪ್ಟೆಂಬರ್ ೧೯೯೯

ದೋಣಿ ಬಂತು! ಲಾರಿಯ ಮೇಲೆ ಮಲಗಿಕೊಂಡು ಘಾಟಿ ಹತ್ತಿ, ಬಾಳ್ಳುಪೇಟೆಯಲ್ಲಿ ಹಿಂದೆ ಮುಂದೆ ಬಸ್ಸುಗಳನ್ನೆಲ್ಲ ನಿಲ್ಲಿಸಿಕೊಂಡು, ಮದುಮಗನ ಹಾಗೆ ಬಂತು. ಟೀ ಅಂಗಡಿಯಲ್ಲಿ ಯಾರೋ, "ಏನ್ ಕೃಷ್ಣಪ್ಪ, ಬೆಟ್ಟದ ಮೇಲೆ ಸಮುದ್ರ ಸಿಕ್ಬುಡ್ತಾ?" ಅಂದರು. ದೋಣಿ ಇಟ್ಟುಕೊಂಡವನು ಕಂಡಕಂಡವರಿಗೆಲ್ಲ ಉತ್ತರ ಕೊಡುತ್ತ ಕೂರಬಾರದು.

ತಲೆಗೂದಲು ಕಪ್ಪಗಿದ್ದಾಗಿನಿಂದ ನಾನು ಹೆಗ್ಗದ್ದೆ ಕಡೆಯ ಎಸ್ಟೇಟಿನಲ್ಲಿ ಜೀಪು ಓಡಿಸಿದವನು. ನಮ್ಮ ಧಣಿ ಪ್ರತಾಪ್ ಅವರು ಅತಿಥಿಗಳನ್ನು ಹೇಮಾವತಿ ಹಿನ್ನೀರಿನಲ್ಲಿ ಸುತ್ತಾಡಿಸೋಣ ಅಂತ ಕರಾವಳಿಯಲ್ಲಿ ಈ ಕಬ್ಬಿಣದ ದೋಣಿ ಕೊಂಡಿದ್ದರು. ಅಲ್ಲೇ ಸಮುದ್ರದಲ್ಲಿ ಒಂದು ಸುತ್ತು ಹೊಡೆದು ನೋಡಿದಾಗ ಮೊದಲ ಅತಿಥಿ ಅವರ ಮೇಲೆಯೇ ವಾಂತಿ ಮಾಡಿದನಂತೆ. ಅಂದಿನಿಂದ ಅದು ಅಲ್ಲೇ ದಕ್ಕೆಯಲ್ಲಿ ತೇಲುತ್ತ ಬಿದ್ದಿತ್ತು. "ನಿಂಗೆ ಬೇಕೇನೋ?" ಅಂದರು. ಬೇಕು ಅಂದೆ. ಜೀಪಿನ ಕೆಲಸ ಬಿಟ್ಟು ಊರಿಗೆ ಬಂದೆ.

ನಮ್ಮ ಊರಿನ ಎದುರಿಗೇ ಹಿನ್ನೀರು. ಆಚೆ ದಡದಲ್ಲಿ ಆಲೂರು ಬಸ್ಸು, ಸ್ಕೂಲು, ಹಾಲಿನ ವ್ಯಾನು. ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಕ್ಯಾನಿನೊಳಗೇ ಹಾಲು ಮೊಸರಾಗುತ್ತದೆ. ಇಷ್ಟು ದಿನ ಲಕ್ಕಯ್ಯನ ತೆಪ್ಪ ಇತ್ತು, ನಾಲ್ಕು ಜನ ಕೂತರೆ ಐದನೆಯವನ ಚಪ್ಪಲಿಗೂ ಜಾಗವಿಲ್ಲ. ಲಕ್ಕಯ್ಯ ಇನ್ನು ಮೀನು ಹಿಡಿದುಕೊಂಡು ಆರಾಮಾಗಿರುತ್ತಾನಂತೆ.

ಹೆಂಡತಿ ಚಂದ್ರಿಕಾ ದೋಣಿಯನ್ನು ಸುತ್ತು ಹಾಕಿ ನೋಡಿ, "ನಿಮಗೆ ಈಜು ಬರಲ್ಲ" ಅಂದಳು. "ಜೀಪ್ ಓಡಿಸೋವಾಗ ನಂಗೆ ಹಾರೋಕ್ ಬರ್ತಿತ್ತಾ?" ಅಂದೆ. ಆಗಿನಿಂದ ನನ್ನನ್ನು ಕ್ಯಾಪ್ಟನ್ ಅಂತ ಕರೆಯುತ್ತಿದ್ದಾಳೆ. ಗೌರವವೇ ಇರಬೇಕು.

ಗೊಬ್ಬರದಂಗಡಿಯವರು ಕೊಟ್ಟಿದ್ದ ಈ ಡೈರಿ ಜನವರಿಯಿಂದ ಖಾಲಿ ಬಿದ್ದಿತ್ತು. ಇನ್ನು ಮೇಲೆ ಬರೆಯಲು ನನ್ನ ಬದುಕಿನಲ್ಲಿ ವಿಷಯಗಳಿರುತ್ತವೆ.

೧೮ ಅಕ್ಟೋಬರ್

ಆಯುಧಪೂಜೆ. ದೋಣಿಗೆ ಹೊಸ ಬಣ್ಣ ಬಳಿದೆ, ಮೇಲೆ ಹಳದಿ, ಕೆಳಗೆ ಕೆಂಪು. ಮುಂದುಗಡೆ "ಜಲರಾಜ" ಅಂತ ಬರೆಸಿದೆ.

ದಡಕ್ಕೆ ಎಳೆದು ಪಕ್ಕಕ್ಕೆ ವಾಲಿಸಿದಾಗ ಅಡಿಭಾಗ ನೋಡಿ ಬೇಜಾರಾಯಿತು. ಹಿಂದೆ ನೀರು ತಳ್ಳುವ ಹಿತ್ತಾಳೆಯ ಫ್ಯಾನು, ಅದರ ಹಿಂದೆ ಕಬ್ಬಿಣದ ಚುಕ್ಕಾಣಿ. ಅವೆರಡರ ಪಕ್ಕದಲ್ಲಿ ಸೋಪಿನ ಬಿಲ್ಲೆಯಷ್ಟಗಲದ ಬೂದು ಬಣ್ಣದ ಲೋಹದ ಗಟ್ಟಿಗಳನ್ನು ಬೋಲ್ಟು ಹಾಕಿ ಕೂರಿಸಿದ್ದಾರೆ. ಏನಕ್ಕೋ ಗೊತ್ತಿಲ್ಲ. ಮೈಯೆಲ್ಲ ತೂತು. ಲಕ್ಕಯ್ಯ ಮುಟ್ಟಿ ನೋಡಿ, "ಇಲಿ ಕಡ್ದಂಗೈತೆ ಕಣೋ ಮಾರಾಯ" ಅಂದ. ಇಷ್ಟು ಚೆಂದದ ದೋಣಿಗೆ ಇಂಥ ಹುಳುಕು ಹಲ್ಲು ಯಾಕೆ ಅಂತ ಅವಕ್ಕೂ ದಪ್ಪನಾಗಿ ಎರಡು ಕೋಟು ಹೊಡೆದೆ. ಈಗ ಅವು ಕಾಣುವುದೇ ಇಲ್ಲ.

ನಮ್ಮಲ್ಲಿ ಬಾಡಿಗೆಗೆ ಇರುವ ಮಧುಶ್ರೀ ಮಿಸ್ ಆಚೆ ದಡದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾರೆ. ದಿನಾ ನನ್ನ ದೋಣಿಯಲ್ಲೇ ಹೋಗುವುದು. "ಕೃಷ್ಣಪ್ಪಣ್ಣ, ಆ ಗಟ್ಟಿಗಳಿಗೂ ಬಣ್ಣ ಹೊಡೆದ್ರಾ?" ಅಂದರು. "ಎರಡು ಕೋಟು ಮಿಸ್!" ಅಂದೆ. "ಅಯ್ಯೋ, ಅವಕ್ಕೆ ಯಾಕೆ…" ಅಂತ ಏನೋ ಶುರು ಮಾಡಿದರು. ಅಷ್ಟರಲ್ಲಿ ಮಂಗಳಾರತಿ ಆಯಿತು, ನಾನು ಕುಂಬಳಕಾಯಿ ಒಡೆಯಲು ಓಡಿದೆ.

೨೩ ಅಕ್ಟೋಬರ್

ಬಣ್ಣದ ಮೇಲೆ ತುಕ್ಕು! ಚುಕ್ಕಾಣಿಯ ಅಂಚಿನಲ್ಲಿ ಮಚ್ಚೆ ಮಚ್ಚೆ ಎದ್ದಿದೆ. ಕೆರೆದರೆ ಪಕಳೆ ಪಕಳೆ ಬರುತ್ತದೆ. ಚುಕ್ಕಾಣಿ ಹೋದರೆ ದೋಣಿ ಹೋದಂತೆ. ದೋಣಿ ಹೋದರೆ ನಾನು ಯಾವ ಮುಖ ಇಟ್ಟುಕೊಂಡು ಬಾಳ್ಳುಪೇಟೆಯ ಟೀ ಅಂಗಡಿಗೆ ಹೋಗಲಿ?

ಚಂದ್ರಿಕಾ ತಂಗಿಯ ಬಾಣಂತನಕ್ಕೆ ಹೊಂಗಡಹಳ್ಳದ ತವರಿಗೆ ಹೋಗಿದ್ದಾಳೆ. ಇದ್ದಿದ್ದರೆ ನಗುತ್ತಿದ್ದಳು.

೨೪ ಅಕ್ಟೋಬರ್

ಉಪಾಯ ಹೊಳೆಯಿತು. ಹೊಳೆದದ್ದು ಬಚ್ಚಲುಮನೆಯಲ್ಲಿ.

ನಮ್ಮ ಹಂಡೆ ತೀರಿಹೋದ ನಮ್ಮತ್ತೆ ಹುಲಿಯಮ್ಮ ಮಗಳಿಗೆ ಮದುವೆಯಲ್ಲಿ ಕೊಟ್ಟದ್ದು. ಕಂಠದಲ್ಲಿ ಚುಕ್ಕೆ ಚುಕ್ಕೆಯಾಗಿ ಅವರ ಹೆಸರು ಕೆತ್ತಿದೆ. ಅವರಿಗೆ ಅದನ್ನು ಅವರಮ್ಮ ಕೊಟ್ಟದ್ದಂತೆ. ಕೆಳಗೆ ಬೆಂಕಿ, ಒಳಗೆ ನೀರು, ಅಷ್ಟು ಕಾಲ! ಒಂದು ತೂತಿಲ್ಲ, ಒಂದು ತುಕ್ಕಿಲ್ಲ. ಮೊದಲ ಸ್ನಾನ ಯಾವಾಗಲೂ ನನ್ನದು, ನಾನು ಧಾರಾಳವಾಗಿ ಸುರಿದುಕೊಂಡ ಮೇಲೆ ಚಂದ್ರಿಕಾಳದು. ತಣ್ಣಗಾಗಿರುತ್ತೆ ಅಂತ ಅವಳು ಒಂದು ದಿನವೂ ಅಂದದ್ದಿಲ್ಲ.

ನೀರಿಗೆ ಜಗ್ಗದ ಲೋಹ ಅಂದರೆ ತಾಮ್ರ. ಚುಕ್ಕಾಣಿಗೆ ತಾಮ್ರ ಹೊದಿಸಿದರೆ ನನ್ನ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗುವುದಿಲ್ಲ. ಇಂಥದ್ದು ಕರಾವಳಿಯವರಿಗೆ ಯಾಕೆ ಹೊಳೆಯಲಿಲ್ಲವೋ. ಅವರ ಬಚ್ಚಲುಮನೆಯಲ್ಲಿ ಇಂಥ ಹಂಡೆ ಇರಲಿಕ್ಕಿಲ್ಲ.

೨೭ ಅಕ್ಟೋಬರ್

ಆಯಿತು. ಬಾಳ್ಳುಪೇಟೆಯ ವೆಲ್ಡಿಂಗ್ ಶಾಪಿನ ಭೂತಯ್ಯ ಉಳಿ ಹಿಡಿದುಕೊಂಡು, "ಮನೇಲಿ ಕೇಳಿದ್ಯೇನಣ್ಣ?" ಅಂದ. "ಹೊಡಿಯಯ್ಯಾ" ಅಂದೆ. ಒಂದೇಟು ಹಾಕಿ ಮತ್ತೆ, "ಅಕ್ಕನ್ನ ಕೇಳಿದ್ಯಾ?" ಅಂದ. ಹಂಡೆಯನ್ನು ಕಂಠದಿಂದ ಹೊಟ್ಟೆಯವರೆಗೆ ಸೀಳಿ, ತಟ್ಟಿ ತಗಡು ಮಾಡಿ, ಚುಕ್ಕಾಣಿಯ ಎರಡು ಕೆನ್ನೆಗೂ ಕಬ್ಬಿಣದ ಬೋಲ್ಟು ಹಾಕಿ ಬಿಗಿದ. ಉಳಿದ ಬುಡವನ್ನು ಅಟ್ಟದ ಮೇಲೆ ಗೋಣಿಚೀಲದ ಕೆಳಗೆ ಇಟ್ಟಿದ್ದೇನೆ.

ಚಂದ್ರಿಕಾ ಬಂದಾಗ ಏನು ಹೇಳುವುದು ಅಂತ ಇನ್ನೂ ಯೋಚಿಸಿಲ್ಲ.

೨ ನವೆಂಬರ್

ಬಂದಳು. ಬಂದವಳೇ ಬಚ್ಚಲುಮನೆಗೆ ಹೋದಳು. ವಾಪಸು ಬಂದಳು. "ಹಂಡೆ ಎಲ್ರೀ?"

"ಕಲಾಯಿ ಹಾಕ್ಸೋಕೆ ಕೊಟ್ಟಿದೀನಿ."

"ಸ್ನಾನದ ಹಂಡೆಗೆ ಯಾರಾದ್ರೂ ಕಲಾಯಿ ಹಾಕಿಸ್ತಾರಾ?"

"ಈಗಿನ ಕಾಲದಲ್ಲಿ ಹಾಕಿಸ್ತಾರೆ" ಅಂದೆ. ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ದನಕ್ಕೆ ಹುಲ್ಲು ಹಾಕಲು ಹೋದೆ. ಹುಲ್ಲು ಅವಳು ಆಗಲೇ ಹಾಕಿದ್ದಳು.

೬ ನವೆಂಬರ್

ನೀರು ತುಂಬುವ ಹಬ್ಬ. ಊರಿನ ಹೆಂಗಸರೆಲ್ಲ ಹಂಡೆ ಹುಣಸೆಹಣ್ಣಿನಲ್ಲಿ ಬೆಳಗಿ, ಸುಣ್ಣದ ಪಟ್ಟೆ ಬಳಿದು, ಕೊರಳಿಗೆ ಹೂವು ಕಟ್ಟಿ ನೀರು ತುಂಬಿದರು. ಚಂದ್ರಿಕಾ ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಹೂವು ಕಟ್ಟಿದಳು. ಬೈದಿದ್ದರೆ ಆಗುತ್ತಿತ್ತು.

೯ ನವೆಂಬರ್

ಸಿಕ್ಕಿಬಿದ್ದೆ.

ಸಂಜೆ ಜನ ಇಳಿದು ದೋಣಿ ಹಗುರಾದಾಗ ಹಿಂಭಾಗ ಮೇಲೇಳುತ್ತದೆ. ಚಂದ್ರಿಕಾ ಅಲ್ಲೇ ಬಟ್ಟೆ ಜಾಲಿಸುತ್ತಿದ್ದಳು. ಚುಕ್ಕಾಣಿ ಒಂದು ಗೇಣು ಹೊರಗೆ ಬಂತು. ಅದರ ಮೇಲೆ ಇಳಿಬಿಸಿಲಿಗೆ ಹೊಳೆಯುತ್ತ ನಮ್ಮತ್ತೆಯ ಹೆಸರು! ಆ ಭೂತಯ್ಯ ಹೆಸರಿರುವ ಮುಖವನ್ನೇ ಹೊರಗೆ ಹಾಕಿದ್ದಾನೆ. ಅದೂ ತಲೆಕೆಳಗಾಗಿ.

ಚಂದ್ರಿಕಾ ತಲೆ ವಾಲಿಸಿ ಅಕ್ಷರ ಅಕ್ಷರವಾಗಿ ಓದಿದಳು. "ನಮ್ಮವ್ವನ ತಲೆಕೆಳಗೆ ನೇತಾಕಿದೀರಲ್ರೀ" ಅಂದಳು. ಧ್ವನಿ ಏರಲಿಲ್ಲ, ಅದೇ ಹೆದರಿಕೆ. ಬೇರೆ ಹಂಡೆ ತರೋಣ ಅಂದೆ. "ಬೇರೆ ಅವ್ವನ್ನೂ ತತ್ತೀರಾ?" ಅಂದಳು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು ತೀರ್ಪು ಹೇಳಿದಳು. "ಬರೋ ವರ್ಷ ನೀರು ತುಂಬೋ ಹಬ್ಬಕ್ಕೆ ನಮ್ಮವ್ವನ ಹಂಡೆ ಒಲೆ ಮೇಲಿರ್ಬೇಕು. ಇಲ್ದಿದ್ರೆ ನಾನು ಹೊಂಗಡಹಳ್ಳದಲ್ಲೇ ಎಣ್ಣೆಸ್ನಾನ ಮಾಡ್ಕೊಂಡು, ಅಲ್ಲೇ ತಲೆ ಒಣಗಿಸ್ಕೊಂಡು, ಅಲ್ಲೇ ಇದ್ಬುಡ್ತೀನಿ."

ಚಂದ್ರಿಕಾ ಹೇಳಿದ್ದನ್ನು ಮಾಡುವವಳು. ಹಂಡೆ ಬಿಚ್ಚಿದರೆ ತುಕ್ಕು ಹಿಡಿದು ದೋಣಿ ಹೋಗುತ್ತದೆ. ಬಿಚ್ಚದಿದ್ದರೆ ಹೆಂಡತಿ ಹೋಗುತ್ತಾಳೆ. ಒಂದು ವರ್ಷ ಟೈಮಿದೆ, ನೋಡೋಣ.

೧೦ ನವೆಂಬರ್

ಬೆಳಿಗ್ಗೆ ದೋಣಿ ಬಿಡುವ ಹೊತ್ತಿಗೆ ಚಂದ್ರಿಕಾ ಹತ್ತಿ ಹಿಂದುಗಡೆ, ಚುಕ್ಕಾಣಿಯ ಪಕ್ಕದಲ್ಲೇ ಕೂತಳು. ಎಲ್ಲಿಗೆ ಅಂದೆ. "ಎಲ್ಲಿಗೂ ಇಲ್ಲ. ನಮ್ಮವ್ವ ಇರೋ ಕಡೆ ನಾನು" ಅಂದಳು. ಜನ ನಕ್ಕರು. ನನಗೂ ನಗು ಬಂತು, ನಗಲಿಲ್ಲ.

ಮನೆಯಲ್ಲಿ ಈಗ ದಿನಕ್ಕೆ ಒಂದೇ ಬಕೆಟ್ ಬಿಸಿನೀರು. ಅದು ಹಂಡೆ ತಂದವಳದು.

೨೯ ಡಿಸೆಂಬರ್

ಚಳಿ. ತಣ್ಣೀರು. ಪೆನ್ನು ಹಿಡಿಯಲು ಬೆರಳು ಮಡಚುತ್ತಿಲ್ಲ.

೧೬ ಫೆಬ್ರವರಿ ೨೦೦೦

ಚಂದ್ರಿಕಾ ದಿನಾ ಬರುತ್ತಾಳೆ. ಸುಮ್ಮನೆ ಕೂತಿರುತ್ತಾಳಲ್ಲ ಅಂತ, "ತಿಂಡಿ ತಿಂತೀನಿ, ಒಂದ್ನಿಮಿಷ ಹಿಡ್ಕೋ" ಅಂತ ಚುಕ್ಕಾಣಿಯ ಹಿಡಿ ಕೊಟ್ಟೆ. ರೊಟ್ಟಿ ಮುಗಿಸಿ ತಲೆ ಎತ್ತಿದರೆ ದಡ ಬಂದಿತ್ತು. ದಡಕ್ಕೆ ದೋಣಿ ತಾಗಿದ್ದು ಗೊತ್ತೇ ಆಗಲಿಲ್ಲ. ನಾನು ತಾಗಿಸಿದರೆ ಹಾಲಿನ ಕ್ಯಾನುಗಳು ಉರುಳುತ್ತವೆ. ಇವತ್ತು ಗಾಳಿ ಇರಲಿಲ್ಲ, ಅದಕ್ಕೇ.

೧೧ ಏಪ್ರಿಲ್

ನೀರು ಇಳಿದಿದೆ. ದೋಣಿಯನ್ನು ಕೆಸರಿನಲ್ಲಿ ನಿಲ್ಲಿಸಿ ನೋಡಿದೆ. ತಾಮ್ರ ಬಂಗಾರದ ಹಾಗಿದೆ! ನಾನು ಹೇಳಲಿಲ್ಲವೇ? ಅದರ ಅಂಚಿನಿಂದ ಮಾತ್ರ ಕಾಫಿ ಡಿಕಾಕ್ಷನ್ ಥರ ಕಂದು ನೀರು ಇಳಿಯುತ್ತಿದೆ. ಯೋಚಿಸಿ ನೋಡಿದೆ. ತಾಮ್ರ ಒಳಗಿನ ತುಕ್ಕನ್ನೆಲ್ಲ ಹಿಂಡಿ ಹೊರಗೆ ಹಾಕುತ್ತಿದೆ, ಮತ್ತೇನೂ ಅಲ್ಲ. ಕುರುವಿಗೆ ಪಟ್ಟು ಹಾಕಿದರೆ ಕೀವು ಬರುವುದಿಲ್ಲವೇ, ಹಾಗೆ. ಬೋಲ್ಟುಗಳ ತಲೆ ಸಣ್ಣಗಾದ ಹಾಗೆ ಕಂಡಿತು. ಬಿಗಿ ಮಾಡಿದೆ. ಒಂದರ ತಲೆ ಕೈಗೇ ಬಂತು. ಹಳೆಯ ಬೋಲ್ಟು ಇರಬೇಕು.

ಚಂದ್ರಿಕಾ ಹೆಸರಿನ ಮೇಲಿನ ಕೆಸರು ಒರೆಸಿ ಹೋದಳು.

೧೪ ಜುಲೈ

ಮಳೆಗೆ ಹಿನ್ನೀರು ತುಂಬಿದೆ. ಒಳ್ಳೆಯ ವ್ಯವಸ್ಥೆಗೆ ಬಂದಿದ್ದೇವೆ. ನಾನು ಮುಂದೆ ನಿಂತು ಹಗ್ಗ ನೋಡಿಕೊಳ್ಳುತ್ತೇನೆ, ಜನ ಹತ್ತಿಸುತ್ತೇನೆ, "ರೈಟ್!" ಅನ್ನುತ್ತೇನೆ. ದಡ ಬಂದಾಗ "ಹೋಲ್ಡಾನ್!" ಅನ್ನುತ್ತೇನೆ. ಚುಕ್ಕಾಣಿಯಂಥ ಸಣ್ಣಪುಟ್ಟ ಕೆಲಸ ಚಂದ್ರಿಕಾ ನೋಡಿಕೊಳ್ಳುತ್ತಾಳೆ. ಆಲೂರಿನಿಂದ ಬಂದ ಯಾರೋ ಒಬ್ಬರು, ಎಮ್ಮೆಕರು ಸಾಗಿಸಬಹುದಾ ಅಂತ ನನ್ನನ್ನು ಕೇಳಿದರು. "ಅಕ್ಕನ್ನ ಕೇಳಿ" ಅಂದೆ. ಇಂಥದ್ದಕ್ಕೆಲ್ಲ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಊರಿನವರು "ಹುಲಿಯಮ್ಮ ಬಂತಾ? ಹುಲಿಯಮ್ಮ ಹೋಯ್ತಾ?" ಅಂತ ಕೇಳುತ್ತಾರೆ. ಅಷ್ಟು ದೊಡ್ಡದಾಗಿ ಜಲರಾಜ ಅಂತ ಬರೆಸಿದ್ದು ಒಬ್ಬರ ಕಣ್ಣಿಗೂ ಬೀಳುವುದಿಲ್ಲ.

ಹಬ್ಬ ಹತ್ತಿರ ಬರುತ್ತಿದೆ. ಮೊನ್ನೆ ಚಂದ್ರಿಕಾ ತವರಿಗೆ ಹೋಗುವ ಬ್ಯಾಗಿನ ಜಿಪ್ಪು ಸರಿ ಮಾಡಿಸಿದಳು. ಯಾಕೆ ಅಂತ ನಾನು ಕೇಳಲಿಲ್ಲ. ಅಟ್ಟ ಹತ್ತಿ, ಗೋಣಿಚೀಲ ಎತ್ತಿ, ಹಂಡೆಯ ಬುಡ ಇದೆಯಾ ಅಂತ ನೋಡಿ ಬಂದೆ.

೨೦ ಆಗಸ್ಟ್

ಬದುಕಿದ್ದೇನೆ. ಅದನ್ನು ಮೊದಲು ಬರೆಯುತ್ತೇನೆ.

ನಾಮಕರಣಕ್ಕೆ ಹೊರಟ ಹೆಂಗಸರು, ತೊಟ್ಟಿಲು, ಒಂದು ಮೇಕೆ, ಮಧುಶ್ರೀ ಮಿಸ್. ಗಾಳಿ ಜೋರು. ನಡುನೀರಿನಲ್ಲಿ ಹಿಂದಿನಿಂದ ಕಟ್ ಅಂತ ಶಬ್ದವಾಯಿತು. "ರೀ, ಇದು ಸುಮ್ನೆ ತಿರುಗ್ತೈತೆ" ಅಂದಳು ಚಂದ್ರಿಕಾ. ದೋಣಿ ಇದ್ದಲ್ಲೇ ಸುತ್ತತೊಡಗಿತು. ಬಗ್ಗಿ ನೋಡಿದೆ. ಚುಕ್ಕಾಣಿಯ ಕೀಲುಗಳು ಮುರಿದು, ಇಡೀ ಚುಕ್ಕಾಣಿ ಒಂದೇ ಒಂದು ಬೋಲ್ಟಿನಲ್ಲಿ ನೇತಾಡುತ್ತಿದೆ. ಒಂದು ಕೆನ್ನೆಯ ತಾಮ್ರ ಆಗಲೇ ಕಳಚಿ ನೀರು ಸೇರಿದೆ. ಒಳಗೆ ಕಬ್ಬಿಣ ಅನ್ನುವುದೇ ಇಲ್ಲ, ನೆನೆದ ಬಿಸ್ಕತ್ತು.

ಹೆಂಗಸರು ದೇವರನ್ನು ಕರೆದರು. ನಾನೂ ಕರೆದೆ, ಅವರಿಗಿಂತ ಜೋರಾಗಿ. ಚಂದ್ರಿಕಾ ಇಂಜಿನ್ ಆಫ್ ಮಾಡಿ, ಜನ ಹತ್ತುವ ಹಲಗೆ ಎತ್ತಿಕೊಂಡು, ಹಿಂದೆ ನಿಂತು ನೀರಿಗೆ ಒತ್ತಿ ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀವು ಅವ್ವನ್ನ ಹಿಡ್ಕೊಳ್ಳಿ! ಅವಳನ್ನ ಬುಟ್ರೆ ನಿಮ್ಮನ್ನೂ ಬುಟ್ಬುಡ್ತೀನಿ!" ಅಂತ ಕೂಗಿದಳು.

ಹೊಟ್ಟೆ ಅಡಿಯಾಗಿ ಮಲಗಿ, ಎರಡೂ ಕೈ ನೀರಿಗೆ ಇಳಿಬಿಟ್ಟು ಚುಕ್ಕಾಣಿಯನ್ನು ತಬ್ಬಿಕೊಂಡೆ. ಕಣ್ಣೆದುರಿಗೇ ತಲೆಕೆಳಗಾದ ಹುಲಿಯಮ್ಮ. ಬದುಕಿದ್ದಾಗ ಅವರ ಎದುರು ನಿಂತು ಮಾತಾಡಲೂ ಹೆದರುತ್ತಿದ್ದೆ. "ಅತ್ತೆಮ್ಮ, ತಪ್ಪಾಯ್ತು, ದಡ ಸೇರಿಸಿ" ಅಂದೆ. ಮೇಕೆ ನನ್ನ ಬೆನ್ನ ಮೇಲೆ ಹತ್ತಿ ನಿಂತಿತ್ತು. ಚಂದ್ರಿಕಾ ಗಾಳಿಯ ಜೊತೆಗೇ ದೋಣಿ ಬಿಟ್ಟು, ಹಲಗೆಯನ್ನು ಆಚೆ ಈಚೆ ಮಾಡುತ್ತ, ಯಾರದೋ ಗದ್ದೆಯ ಬದುವಿಗೆ ತಂದು ನಿಲ್ಲಿಸಿದಳು. ತಾಗಿದ್ದು ಗೊತ್ತೇ ಆಗಲಿಲ್ಲ.

ಅವಳು ಅದೇ ಹಲಗೆಯನ್ನು ಬದುವಿಗೆ ಒರಗಿಸಿ ಹಿಡಿದಳು. ಇನ್ನೊಂದು ತುದಿ ನಾನು ಹಿಡಿದುಕೊಂಡೆ. ತೊಟ್ಟಿಲು, ಮೇಕೆ, ಕೊನೆಗೆ ಮಿಸ್ ಇಳಿಯುವವರೆಗೆ ಇಬ್ಬರೂ ಬಿಡಲಿಲ್ಲ.

೨೩ ಆಗಸ್ಟ್

ಮಧುಶ್ರೀ ಮಿಸ್ ನಮ್ಮ ಅಡುಗೆಮನೆಗೆ ಬಂದು ನಿಂಬೆಹಣ್ಣು ಕೇಳಿದರು. ಒಂದು ಕಡೆ ತಾಮ್ರದ ತುಂಡು, ಇನ್ನೊಂದು ಕಡೆ ಸತುವಿನ ಮೊಳೆ ಚುಚ್ಚಿ ವೈರು ಕಟ್ಟಿದರು. ಹೀಗೆ ಇನ್ನೊಂದು ಹಣ್ಣನ್ನೂ ಸೇರಿಸಿ, ನಿಂತುಹೋಗಿದ್ದ ನಮ್ಮ ಗೋಡೆ ಗಡಿಯಾರಕ್ಕೆ ಶೆಲ್ಲಿನ ಬದಲು ಕೊಟ್ಟರು. ಮುಳ್ಳು ಓಡಿತು! ಚಂದ್ರಿಕಾ ಬಾಯಿ ತೆರೆದುಕೊಂಡು ನೋಡಿದಳು.

"ಎರಡು ಥರದ ಲೋಹ ಒಂದಕ್ಕೊಂದು ತಾಗಿಸಿ ನೀರಲ್ಲಿ ಇಟ್ರೆ ಒಂದು ಸವೀತದೆ, ಇನ್ನೊಂದು ಉಳ್ಕೊಳ್ತದೆ. ತಾಮ್ರ, ಕಬ್ಬಿಣ ಅಂದ್ರೆ ಸವೆಯೋದು ಕಬ್ಬಿಣ. ಹಿತ್ತಾಳೆ ಫ್ಯಾನ್ ಇರೋದ್ರಿಂದ ಮೊದಲೇ ನಿಮ್ಮ ಚುಕ್ಕಾಣಿಗೆ ಕಷ್ಟ ಇತ್ತು. ನೀವು ಅದಕ್ಕೆ ತಾಮ್ರದ ಕಂಬಳಿ ಬೇರೆ ಹೊದಿಸಿದ್ರಿ ಕೃಷ್ಣಪ್ಪಣ್ಣ."

ಹಾಗಾದರೆ ಆ ಹುಳುಕು ಹಲ್ಲುಗಳು?

"ಅದು ಸತು. ಕಬ್ಬಿಣಕ್ಕಿಂತ ಮುಂಚೆ ತಾನು ಸವೀಲಿ ಅಂತಲೇ ಹಾಕಿರ್ತಾರೆ. ತೂತು ಬಿದ್ದಿತ್ತು ಅಂದ್ರೆ ಕೆಲಸ ಮಾಡ್ತಿತ್ತು ಅಂತ. ನೀವು ಬಣ್ಣ ಹೊಡೆದು ಅದರ ಬಾಯಿ ಮುಚ್ಚಿದ್ರಿ."

ಎರಡು ಕೋಟು. ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ. ಆಯುಧಪೂಜೆಯ ದಿನವೇ ಮಿಸ್ ಹೇಳಲು ಬಂದಿದ್ದರು, ನನಗೆ ಕುಂಬಳಕಾಯಿಯ ಅವಸರ. ಆಮೇಲೆ ತಾಮ್ರದ ವಿಷಯಕ್ಕೆ ಬಾಯಿ ತೆರೆದಾಗಲೆಲ್ಲ ನಾನು "ರೈಟ್!" ಅಂದುಬಿಡುತ್ತಿದ್ದೆ.

ಸತು ಸಮುದ್ರದ ಉಪ್ಪುನೀರಿಗೆ ಸರಿಯಂತೆ. ನಮ್ಮ ಸಿಹಿನೀರಿಗೆ ಮೆಗ್ನೀಷಿಯಂ ಗಟ್ಟಿ ಬೇಕಂತೆ. ನೀರು ಕಾಯಿಸುವ ಗೀಸರ್‌ಗಳ ಒಳಗೂ ಅದರದೇ ಕಡ್ಡಿ ಇರುತ್ತದಂತೆ. ಚಂದ್ರಿಕಾ ತಕ್ಷಣ, "ನಮ್ಮವ್ವನ ಹಂಡೆಗೆ ಅಂಥದ್ದೇನೂ ಬೇಕಿರ್ಲಿಲ್ಲ" ಅಂದಳು. ಮಿಸ್ ನಕ್ಕರು. "ಹೌದಕ್ಕ, ಹಂಡೆ ಒಲೆ ಮೇಲಿದ್ರೆ ಯಾರಿಗೂ ತೊಂದರೆ ಇಲ್ಲ" ಅಂದರು.

ರಾತ್ರಿ ಊಟ ಮಾಡುವಾಗ ಹೊಳೆಯಿತು. ಹತ್ತು ತಿಂಗಳು ನಾನು ದೋಣಿಯೋ ಹಂಡೆಯೋ ಅಂತ ಒದ್ದಾಡಿದೆ. ಹಂಡೆ ಬಿಚ್ಚಿದ್ದರೆ ಎರಡೂ ಉಳಿಯುತ್ತಿದ್ದವು!

೧೯ ಸೆಪ್ಟೆಂಬರ್

ಭೂತಯ್ಯ ಹೊಸ ಚುಕ್ಕಾಣಿ ಮಾಡಿಕೊಟ್ಟ. ಈ ಸಲ ಮೊದಲೇ "ಅಕ್ಕ ಎಲ್ಲಿ?" ಅಂತ ಕೇಳಿ, ಅವಳ ಎದುರಿಗೇ ಅಳತೆ ತೆಗೆದ. ಹಾಸನದಿಂದ ಮೆಗ್ನೀಷಿಯಂ ತರಲು ಚಂದ್ರಿಕಾ, ಮಿಸ್ ಇಬ್ಬರೇ ಹೋಗಿಬಂದರು. ಚುಕ್ಕಾಣಿಗೆ ಕೆಂಪು ಬಣ್ಣ ಹೊಡೆದೆ. ಗಟ್ಟಿ ಕೂರುವ ಜಾಗ ಮಾತ್ರ ಕೆರೆದು ಬರಿ ಕಬ್ಬಿಣಕ್ಕೇ ತಾಗಿಸಿ ಬಿಗಿದೆ. ಬ್ರಷ್ಷಿನಲ್ಲಿ ಇನ್ನೂ ಬಣ್ಣ ಉಳಿದಿತ್ತು, ಕೈ ಆ ಗಟ್ಟಿಯ ಕಡೆಗೆ ಹೋಯಿತು. ಹಿಂದಿನಿಂದ ಚಂದ್ರಿಕಾ ಕೆಮ್ಮಿದಳು. ತೆಗೆದುಬಿಟ್ಟೆ.

ಉಳಿದ ಬಣ್ಣದಲ್ಲಿ ಜಲರಾಜ ಅಳಿಸಿ ಹುಲಿಯಮ್ಮ ಅಂತ ಬರೆದೆ. ಹೇಗೂ ಜನ ಹಾಗೇ ಕರೆಯುತ್ತಾರೆ, ಸುಮ್ಮನೆ ಗೊಂದಲ ಯಾಕೆ. ಈ ಸಲ ತಲೆ ಮೇಲಾಗಿಯೇ ಬರೆದಿದ್ದೇನೆ.

೨೩ ಅಕ್ಟೋಬರ್

ಹಾಸನದಲ್ಲಿ ಪಾತ್ರೆ ಕೆಲಸದವರ ಹತ್ತಿರ ಇಡೀ ದಿನ ಕೂತು ಬಂದೆ. ಅಟ್ಟದ ಮೇಲಿನ ಬುಡ, ಉಳಿದ ಒಂದು ಕೆನ್ನೆ, ಎರಡನ್ನೂ ಒಯ್ದಿದ್ದೆ. "ಇದನ್ನ ತೂಕಕ್ಕೆ ಹಾಕಿ, ಹೊಸಾದು ತಗೊಂಡು ಹೋಗಿ" ಅಂದರು. ಆಗಲ್ಲ ಅಂದೆ. ಇದೇ ತಾಮ್ರ, ಇದೇ ಹೆಸರು. ಹೆಸರಿನ ಮೇಲೆ ಸುತ್ತಿಗೆ ಬೀಳಬಾರದು. "ಯಾರ್ರೀ ಈ ಹುಲಿಯಮ್ಮ?" ಅಂದರು. "ನಮ್ಮತ್ತೆ. ನನ್ನ ಜೀವ ಉಳಿಸಿದವರು" ಅಂದೆ. ಆಮೇಲೆ ಅವರು ತಕರಾರು ಮಾಡಲಿಲ್ಲ.

ಅರ್ಧ ತಾಮ್ರ ನೀರುಪಾಲಾಗಿದೆಯಲ್ಲ, ಹಂಡೆ ಸಣ್ಣದಾಯಿತು. ಒಬ್ಬರ ಸ್ನಾನಕ್ಕೆ ಸಾಕು, ಅಷ್ಟೇ. ಇದನ್ನು ಚಂದ್ರಿಕಾ ಒಪ್ಪುತ್ತಾಳೋ ಇಲ್ಲವೋ. ಮನೆಗೆ ಬಂದಾಗ ಅವಳ ಬ್ಯಾಗು ಮಂಚದ ಮೇಲಿತ್ತು. ಹಂಡೆಯನ್ನು ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ. ನಿದ್ದೆ ಬರುವ ಲಕ್ಷಣ ಇಲ್ಲ.

೨೫ ಅಕ್ಟೋಬರ್

ನೀರು ತುಂಬುವ ಹಬ್ಬ. ಸಂಜೆ ಚಂದ್ರಿಕಾ ಕೊನೇ ಟ್ರಿಪ್ಪು ಮುಗಿಸಿ ಬರುವ ಹೊತ್ತಿಗೆ ಹಂಡೆಯನ್ನು ಒಲೆಯ ಮೇಲೆ ಕೂರಿಸಿ, ಸುಣ್ಣದ ಪಟ್ಟೆ ಬಳಿದಿದ್ದ ನಾನು ಹೂವು ಕಟ್ಟಲು ಪರದಾಡುತ್ತಿದ್ದೆ. ಬಾಗಿಲಲ್ಲಿ ನಿಂತು ನೋಡಿದಳು. ಹತ್ತಿರ ಬಂದು ಹೆಸರಿನ ಮೇಲೆ ಬೆರಳಾಡಿಸಿದಳು.

"ಸಣ್ಣದಾಗ್ಬುಟ್ಟೈತೆ" ಅಂದೆ.

"ನಮ್ಮವ್ವನೂ ಕೊನೆಕೊನೆಗೆ ಸಣ್ಣ ಆಗಿದ್ಲು" ಅಂದಳು. ಕಣ್ಣು ಒರೆಸಿಕೊಂಡಳು, ಆಮೇಲೆ ನಕ್ಕಳು. ನಾನು ಕಟ್ಟಿದ್ದ ಹೂವು ಬಿಚ್ಚಿ ಮತ್ತೆ ಸರಿಯಾಗಿ ಕಟ್ಟಿದಳು. ಬ್ಯಾಗು ಒಳಗೆ ಹೋಯಿತು.

೨೬ ಅಕ್ಟೋಬರ್

ಬೆಳಗಿನ ಎಣ್ಣೆಸ್ನಾನ. ಹಂಡೆ ಕುದಿಯುತ್ತಿತ್ತು. ಚಂದ್ರಿಕಾ ನನ್ನ ತಲೆಗೆ ಎಣ್ಣೆ ಹಚ್ಚಿ, "ಒಂದು ವರ್ಷ ತಣ್ಣೀರು ಹುಯ್ಕೊಂಡಿದೀರ. ಹೋಗಿ, ನೀವು ಮೊದಲು" ಅಂದಳು. ಇರುವುದೇ ಒಬ್ಬರ ನೀರು, ಮೊದಲು ಹೋದವರಿಗೆ ಬಿಸಿ. ನೀನು ಹೋಗು ಅಂದೆ. ಎಂಟು ಗಂಟೆಗೆ ಅವಳು ದೋಣಿ ಬಿಡಬೇಕು, ಆಚೆ ದಡದಲ್ಲಿ ಜನ ಕಾಯುತ್ತಿರುತ್ತಾರೆ. ನನ್ನದೇನು, ಹಗ್ಗ ಹಿಡಿಯುವ ಕೆಲಸ.

ಹೊರಗೆ ಒಲೆಯ ಬಾಯಲ್ಲಿ ಕೂತು ಸೌದೆ ತಳ್ಳುತ್ತಿದ್ದೆ. ಒಳಗೆ ಚಂಬಿನಲ್ಲಿ ನೀರು ಸುರಿದುಕೊಳ್ಳುವ ಸದ್ದು ಧಾರಾಳವಾಗಿ ಕೇಳಿಸಿತು. "ಹೋಲ್ಡಾನ್! ಸಾಕು ಉರಿ" ಅಂತ ಕೂಗಿದಳು. ಕೊಳ್ಳಿ ಹಿಂದಕ್ಕೆ ಎಳೆದೆ. ಸ್ವಲ್ಪ ಹೊತ್ತಿನ ಮೇಲೆ, "ಹಾಕ್ರೀ ಇನ್ನೊಂದು, ಮೈಗೆ ಹಿತವಾಗೈತೆ" ಅಂದಳು.

"ರೈಟ್!" ಅಂದೆ.